ಪಾತಾಳದ ದೂರದರ್ಶಕ

ಮುಳುಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಬಂಡೆಗಳ ಮಗ್ಗುಲಲ್ಲಿ ಕೃಷ್ಣಪಕ್ಷದ ಒಂದು ರಾತ್ರಿ ನಿಂತು ಆಕಾಶವನ್ನು ದೃಷ್ಟಿಸಿದವರಿಗೆ, ವೇಧಶಾಲೆಯೊಂದನ್ನು ಕಟ್ಟುವುದಾದರೆ ಇಲ್ಲಿಯೇ ಕಟ್ಟಬಹುದಲ್ಲ ಎಂಬ ಆಲೋಚನೆ ಸಹಜವಾಗಿಯೇ ಬಂದೀತು. ಮಳೆ ಕಡಮೆಯಾದ ಸೀಮೆ, ಬೋಳಾದ ಗುಡ್ಡಗಳು, ತಡೆಯಿಲ್ಲದ ದಿಗಂತ. ಆದರೆ ಕೋಲಾರದ ಸೀಮೆಯು ವಿಶ್ವವಿಜ್ಞಾನಕ್ಕೆ ಸಲ್ಲಿಸಿದ ಕಾಣಿಕೆಗಳಲ್ಲಿ ಬಹು ಹಿರಿದಾದುದು ಬೆಟ್ಟದ ತುದಿಯಿಂದ ಬಂದುದಲ್ಲ. ಅದನ್ನು ಕಾಣಬೇಕಾದರೆ ಇಲ್ಲಿಂದ ದಕ್ಷಿಣಾಭಿಮುಖವಾಗಿ ಹೊರಟು, ಬೇತಮಂಗಲವನ್ನು ದಾಟಿ, ಚಿನ್ನದ ಗಣಿಯ ಚಾಂಪಿಯನ್ ರೀಫ್ಸನ್ನು ಸೇರಿ, ಅಲ್ಲಿಂದ ನೆಲದೊಳಕ್ಕೆ ಸುಮಾರು ಒಂದೂವರೆ ಮೈಲಿ ಇಳಿಯಬೇಕಾಗಿತ್ತು.

ದೇವರಾಯಸಮುದ್ರದ ಹೆಸರಿನಲ್ಲಿ ಸಮುದ್ರವಿದ್ದರೂ ಊರಿನಲ್ಲಿ ಸಮುದ್ರವಿಲ್ಲ. ದೊಡ್ಡ ಕೆರೆಗಳಿಗೆಲ್ಲ ಸಮುದ್ರವೆಂದು ಹೆಸರಿಡುವುದು ನಮ್ಮ ಹಿರಿಯರ ಪದ್ಧತಿ. ಅದೇ ಔದಾರ್ಯದಿಂದಲೋ ಏನೋ, ವಿಜ್ಞಾನಿಗಳು ಗಣಿಯ ಕತ್ತಲಲ್ಲಿ ನಿಲ್ಲಿಸಿದ ಯಂತ್ರಗಳಿಗೆ ದೂರದರ್ಶಕವೆಂದೇ ಹೆಸರಿಟ್ಟರು. ಅವುಗಳಲ್ಲಿ ಮಸೂರವಿರಲಿಲ್ಲ, ದರ್ಪಣವಿರಲಿಲ್ಲ. ಕಣ್ಣಿಟ್ಟು ನೋಡುವ ಕೊಳವೆಯೂ ಇರಲಿಲ್ಲ. ಆದರೂ ಆ ಹೆಸರು ಅವಕ್ಕೆ ನ್ಯಾಯವಾಗಿಯೇ ಸಲ್ಲುತ್ತದೆಂಬುದನ್ನು ಶ್ರೋತೃಗಳು ಮುಂದೆ ಕಾಣುವರು.

ದೂರದರ್ಶಕವನ್ನು ಕಟ್ಟುವುದು ಒಂದು ಕೆಲಸ, ಅದನ್ನು ಕಾಯುವುದು ಬೇರೊಂದು ಕೆಲಸ. ಮೊದಲನೆಯದಕ್ಕೆ ಶಿಲಾಶಾಸನವುಂಟು, ಉದ್ಘಾಟನೆಯುಂಟು. ಎರಡನೆಯದಕ್ಕೆ ದಿನಚರಿಯ ಪುಸ್ತಕವೊಂದನ್ನುಳಿದು ಬೇರೆ ಸಾಕ್ಷಿಯಿಲ್ಲ. ದರ್ಪಣದ ಮೇಲೆ ಧೂಳು ಕೂರುತ್ತದೆ. ಅದರ ಅಲ್ಯೂಮಿನಿಯಂ ಲೇಪ ಕಾಲಕ್ರಮದಲ್ಲಿ ಮಾಸುತ್ತದೆ. ಆಗ ಅದನ್ನು ಕಳಚಿ, ತೊಳೆದು, ನಿರ್ವಾತದ ಪೆಟ್ಟಿಗೆಯಲ್ಲಿಟ್ಟು ಮತ್ತೆ ಲೇಪ ಕೊಡಬೇಕು. ಇಬ್ಬನಿ, ಜೇಡ, ಸಡಿಲವಾದ ತಂತಿ, ಕೈಕೊಡುವ ವಿದ್ಯುತ್ತು, ಇವೆಲ್ಲವೂ ವೇಧಶಾಲೆಯ ನಿತ್ಯದ ಅತಿಥಿಗಳು. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿಯೇ ಇರುವ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಒಂದು ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ನಿಂತಿರುವ ಎರಡು ಮೀಟರ್ ದರ್ಪಣದ ದೂರದರ್ಶಕವನ್ನು ಉಪಗ್ರಹದ ಮೂಲಕ ಈ ಹೊಸಕೋಟೆಯಲ್ಲಿ ಕುಳಿತೇ ತಿರುಗಿಸುತ್ತಾರೆ. ಅಲ್ಲಿಯೂ ಹಿಮದ ನಡುವೆ ಯಂತ್ರದ ಬಳಿ ಕೆಲವರು ಇರಲೇಬೇಕು. ಅದೇ ರೀತಿ, ಜಿಲ್ಲೆಗಳ ವಿಂಗಡಣೆಗೆ ಮೊದಲು ಕೋಲಾರಕ್ಕೇ ಸೇರಿದ್ದ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಎದ್ದ ರೇಡಿಯೋ ದೂರದರ್ಶಕವು ಬಯಲಿನಲ್ಲಿ ನೆಟ್ಟ ಒಂದು ಸಾವಿರ ಏರಿಯಲ್ಲುಗಳ ಸಾಲು. ಮಳೆಗೂ ಬಿಸಿಲಿಗೂ ಮೈಯೊಡ್ಡಿದ ಸಾವಿರ ಏರಿಯಲ್ಲುಗಳ ತಂತಿಯ ಬೆಸುಗೆಗಳನ್ನು ಸುಸ್ಥಿತಿಯಲ್ಲಿಡುವುದೆಂದರೆ ಒಂದು ತೋಟವನ್ನು ಕಾದಂತೆಯೇ. ಇವೆರಡರ ವಿಷಯ ಇನ್ನೊಂದು ಸಂದರ್ಭಕ್ಕಿರಲಿ. ಕಾಯುವ ಕೆಲಸದ ಕಠಿನವಾದ ಪರೀಕ್ಷೆ ನಡೆದುದು ಗಣಿಯೊಳಗೆ.

ಕಥೆ ಆರಂಭವಾಗುವುದು ಆಕಾಶದಲ್ಲಿಯೇ. 1912ರಲ್ಲಿ ಆಸ್ಟ್ರಿಯದ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬೆಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ, ಭೂಮಿಯ ಹೊರಗಿನಿಂದ ಎಡೆಬಿಡದೆ ಸುರಿಯುವ ಒಂದು ಕಿರಣವಿದೆಯೆಂದು ತೋರಿಸಿದನು. ಇದನ್ನೇ ವಿಶ್ವಕಿರಣವೆಂದು ಕರೆಯುವುದು. ಇದು ಮೇಲಣ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ಮ್ಯೂಆನ್ ಎಂಬುದು ಬಲು ಚುರುಕು. ನಮ್ಮ ಅಂಗೈಯಷ್ಟು ಜಾಗವನ್ನು ನಿಮಿಷಕ್ಕೆ ಸುಮಾರು ನೂರು ಮ್ಯೂಆನ್‌ಗಳು ಹಾದುಹೋಗುತ್ತಿರುತ್ತವೆ. ಈ ವಿದ್ಯೆ ನಮ್ಮ ನಾಡಿಗೆ ಕಾಲಿಟ್ಟುದು ಬೆಂಗಳೂರಿನ ಮೂಲಕವೇ. 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದ ಹೋಮಿ ಭಾಭಾ ಅವರು ಯುದ್ಧದ ಕಾರಣದಿಂದ ಹಿಂದಿರುಗಲಾರದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ನೆಲೆನಿಂತು ವಿಶ್ವಕಿರಣಗಳ ಸಂಶೋಧನೆಗೆ ಒಂದು ವಿಭಾಗವನ್ನು ತೆರೆದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದುದೂ ಅಲ್ಲಿಯೇ; ಬೊಂಬಾಯಿಗೆ ಹೋದುದು ಅನಂತರ.

ಮೇಲೇರಿದ ಬೆಲೂನುಗಳು ಒಂದು ಪ್ರಶ್ನೆಗೆ ಉತ್ತರ ಕೊಟ್ಟವು. ಇನ್ನೊಂದು ಪ್ರಶ್ನೆ ಉಳಿದಿತ್ತು: ಈ ಕಣಗಳು ನೆಲದೊಳಕ್ಕೆ ಎಷ್ಟು ಆಳದವರೆಗೆ ಇಳಿಯಬಲ್ಲವು? ಇದನ್ನು ಅಳೆಯಲು ಆಳವಾದ ಬಾವಿ ಬೇಕು. ಕೋಲಾರದ ಚಿನ್ನದ ಗಣಿಗಿಂತ ಆಳವಾದ ಬಾವಿ ಭರತಖಂಡದಲ್ಲಿರಲಿಲ್ಲ. 1951ರಲ್ಲಿ ಭಾಭಾ ಅವರು ಈ ಕೆಲಸಕ್ಕೆ ನಿಯೋಜಿಸಿದ ತರುಣರು ನಮ್ಮವರೇ ಆದ ಬಿ. ವಿ. ಶ್ರೀಕಂಠನ್, 1925ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದಾರ್ಥವಿಜ್ಞಾನವನ್ನು ಓದಿದವರು. ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿ 1975ರಿಂದ 1987ರವರೆಗೆ ಇದ್ದವರೂ ಇವರೇ. ಆದರೆ ಗಣಿಗೆ ಇಳಿದಾಗ ಅವರಿಗೆ ಇಪ್ಪತ್ತಾರರ ಪ್ರಾಯ. ಕೈಯಲ್ಲಿದ್ದುದು ಗೈಗರ್ ಕೊಳವೆಗಳ ಒಂದು ಕಟ್ಟು.

ಗೈಗರ್ ಕೊಳವೆಯೆಂದರೆ ಅನಿಲವನ್ನು ತುಂಬಿ ನಡುವೆ ಒಂದು ತಂತಿಯನ್ನು ಎಳೆದಿರುವ ಲೋಹದ ಕೊಳವೆ. ತಂತಿಗೆ ಬಲವಾದ ವಿದ್ಯುತ್ತಿನ ಒತ್ತಡವನ್ನು ಕೊಟ್ಟಿರುತ್ತಾರೆ. ವಿದ್ಯುದಂಶವುಳ್ಳ ಕಣವೊಂದು ಹಾದುಹೋದರೆ ಕೊಳವೆಯಲ್ಲಿ ಒಂದು ಮಿಡಿತ ಹುಟ್ಟುತ್ತದೆ. ಆದರೆ ಒಂದೇ ಕೊಳವೆಯ ಮಾತನ್ನು ನಂಬುವಂತಿಲ್ಲ. ಸುತ್ತಣ ಬಂಡೆಯಲ್ಲಿರುವ ಅತ್ಯಲ್ಪ ವಿಕಿರಣವೂ ಅದನ್ನು ಮಿಡಿಸುತ್ತದೆ. ಆದುದರಿಂದ ಒಂದರ ಕೆಳಗೊಂದರಂತೆ ಕೊಳವೆಗಳನ್ನು ಜೋಡಿಸಿ, ಎಲ್ಲವೂ ಒಂದೇ ಕ್ಷಣದಲ್ಲಿ ಮಿಡಿದರೆ ಮಾತ್ರ ಎಣಿಸತಕ್ಕದ್ದೆಂಬ ನಿಯಮವನ್ನು ಯಂತ್ರಕ್ಕೆ ಕಲಿಸಿರುತ್ತಾರೆ. ಮೇಲಣ ಕೊಳವೆಯನ್ನೂ ಕೆಳಗಣ ಕೊಳವೆಯನ್ನೂ ಒಟ್ಟಿಗೆ ಹಾದ ಕಣವು ಆ ಎರಡನ್ನು ಸೇರಿಸುವ ರೇಖೆಯ ದಿಕ್ಕಿನಿಂದಲೇ ಬಂದಿರಬೇಕಷ್ಟೆ. ಹೀಗೆ ಆಕಾಶದ ಒಂದು ಭಾಗವನ್ನು ಆರಿಸಿಕೊಂಡು ಅದನ್ನೇ ನೋಡುವ ಸಾಮರ್ಥ್ಯ ಈ ಕಟ್ಟಿಗೆ ಬರುತ್ತದೆ. ದೂರದರ್ಶಕವೆಂಬ ಹೆಸರು ಬಂದುದು ಈ ಕಾರಣದಿಂದ.

ಇನ್ನು ಅದನ್ನು ಇರಿಸಿದ ಸ್ಥಳ. ಚಾಂಪಿಯನ್ ರೀಫ್ಸ್ ಗಣಿಯು ಕಾಲಕ್ರಮದಲ್ಲಿ ಮೂರು ಸಾವಿರ ಮೀಟರಿಗೂ ಮಿಕ್ಕ ಆಳವನ್ನು ಮುಟ್ಟಿತು. ಕೂಲಿಯವರನ್ನು ಇಳಿಸುವ ಕೇಜಿನಲ್ಲಿಯೇ ವಿಜ್ಞಾನಿಯೂ ಇಳಿಯಬೇಕು. ಒಂದು ಶಾಫ್ಟಿನಿಂದ ಇನ್ನೊಂದು ಶಾಫ್ಟಿಗೆ ಸುರಂಗದಲ್ಲಿ ನಡೆಯಬೇಕು. ಯಂತ್ರದ ಒಂದೊಂದು ಭಾಗವೂ ಆ ಕೇಜಿನ ಬಾಗಿಲಲ್ಲಿ ಹಿಡಿಯುವಷ್ಟೇ ದೊಡ್ಡದಾಗಿರಬೇಕು. ಕೆಳಗೆ ಹೋದಂತೆಲ್ಲ ಬಂಡೆಯ ಕಾವು ಏರುತ್ತದೆ. ಮೇಲಿನಿಂದ ಗಾಳಿಯನ್ನು ತಳ್ಳುತ್ತಿದ್ದರೇನೇ ಮನುಷ್ಯನು ಅಲ್ಲಿ ನಿಲ್ಲಬಲ್ಲನು. ತೇವವೂ ಹೆಚ್ಚು, ತೇವಕ್ಕೂ ಬಿಗುವಾದ ವಿದ್ಯುತ್ತಿಗೂ ಹಾವು ಮುಂಗಿಸಿಯ ವೈರ. ಅದರ ಮೇಲೆ, ಹೊತ್ತ ಭಾರವನ್ನು ತಾಳಲಾರದೆ ಬಂಡೆ ಹಠಾತ್ತನೆ ಸಿಡಿಯುವ ಅಪಾಯಕ್ಕೆ ಈ ಗಣಿ ಲೋಕಪ್ರಸಿದ್ಧವಾಗಿತ್ತು. ಎಷ್ಟೋ ಮಂದಿ ಗಣಿಗಾರರ ಪ್ರಾಣವನ್ನು ಅದು ತೆಗೆದುಕೊಂಡಿದೆ. ಆ ಜನರು ತೋಡಿದ ದಾರಿಯಲ್ಲಿ ವಿಜ್ಞಾನವು ಇಳಿಯಿತೆಂಬುದನ್ನು ಪಂಡಿತರ ಲೇಖನಗಳು ಹೇಳುವುದು ಬಹಳ ಅಪರೂಪ. ಹೇಳಬೇಕಾಗಿತ್ತೆಂದು ನನ್ನ ಅಭಿಪ್ರಾಯ. ಒಂದು ಅನುಕೂಲ ಮಾತ್ರ ಹಳೆಯ ಮೈಸೂರು ಸರ್ಕಾರದ ದೂರದೃಷ್ಟಿಯಿಂದ ಒದಗಿತ್ತು. ಶಿವನಸಮುದ್ರದ ವಿದ್ಯುತ್ತು 92 ಮೈಲಿಗಳ ತಂತಿಯ ಮೂಲಕ 1902ರಲ್ಲಿಯೇ ಗಣಿಯನ್ನು ತಲಪಿತ್ತು. ಶ್ರೀಕಂಠನ್ ಅವರು ಕೆಳಗಿಳಿಯುವ ಹೊತ್ತಿಗೆ ಭೂಗರ್ಭದಲ್ಲಿ ವಿದ್ಯುದ್ದೀಪ ಉರಿಯುವುದು ಅರ್ಧ ಶತಮಾನದ ಹಳೆಯ ಮಾತಾಗಿತ್ತು.

ಗಣಿಯ ಬಂಡೆಯನ್ನೂ ಯಂತ್ರದ ಒಂದು ಅಂಗವೆಂದೇ ಎಣಿಸಬೇಕು. ಏಕೆಂದರೆ ಕಣಗಳನ್ನು ಸೋಸುವ ಜರಡಿ ಅದೇ. ದೇವರಾಯಸಮುದ್ರದ ಸುತ್ತ ಕಾಣುವುದು ತಿಳಿಬಣ್ಣದ ಕಣಶಿಲೆ. ಚಿನ್ನವಿರುವ ಪಟ್ಟಿಯಲ್ಲಾದರೋ ಕಪ್ಪಗೆ, ಭಾರವಾಗಿರುವ ಬೇರೆ ಜಾತಿಯ ಶಿಲೆಯಿದೆ. ಘನ ಸೆಂಟಿಮೀಟರಿಗೆ ಅದರ ತೂಕ ಮೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಕೆಲವು ಮೈಲಿಗಳ ಅಂತರದಲ್ಲಿ ನೆಲ ಹೀಗೆ ಬದಲಾದರೆ ರೈತನಿಗೆ ಬೇಸಾಯದ ಲೆಕ್ಕ ಬದಲಾಗುವಂತೆ ವಿಜ್ಞಾನಿಗೆ ಆಳದ ಲೆಕ್ಕ ಬದಲಾಗುತ್ತದೆ. ಜಗತ್ತಿನ ಬೇರೆ ಬೇರೆ ಗಣಿಗಳ ಅಳತೆಗಳನ್ನು ಹೋಲಿಸುವಾಗ ಈ ಕಪ್ಪು ಶಿಲೆಯನ್ನು ಬೇರೆಯಾಗಿಯೇ ಗಣಿಸಬೇಕಾಯಿತು. ವಿಶ್ವಕಿರಣಶಾಸ್ತ್ರದ ಗ್ರಂಥಗಳಲ್ಲಿ 'ಕೋಲಾರ್ ಶಿಲೆ' ಎಂಬ ಪದ ಸೇರಿಕೊಂಡುದು ಹೀಗೆ. ಆಳವನ್ನು ಅವರು ನೀರಿನ ಲೆಕ್ಕದಲ್ಲಿ ಹೇಳುತ್ತಾರೆ: ತಲೆಯ ಮೇಲಿರುವ ಬಂಡೆಯು ಎಷ್ಟು ಮೀಟರ್ ನೀರಿಗೆ ಸಮವೆಂದು. ಬಯಲುಸೀಮೆಗೆ ಕೊನೆಗೂ ಒಂದು ಸಮುದ್ರ ದೊರೆತಂತಾಯಿತು, ಕಾಗದದ ಮೇಲಾದರೂ.

ಶ್ರೀಕಂಠನ್ ಅವರ ಮೊದಲ ಅಳತೆಗಳ ಅನಂತರ ಹತ್ತು ವರ್ಷಗಳಲ್ಲಿ ಕೆಲಸ ಇನ್ನೂ ಆಳಕ್ಕೆ ಹೋಯಿತು. 1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾದಿಂದ ಬಂದ ಎಸ್. ಮಿಯಾಕೆ, ನಮ್ಮ ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ, ಈ ಮೂವರು ದೂರದರ್ಶಕವನ್ನು ಒಂದೊಂದೇ ಅಂತಸ್ತಿಗೆ ಇಳಿಸುತ್ತ ಎಣಿಸುತ್ತ ಹೋದರು. ಮೇಲಣ ಅಂತಸ್ತಿನಲ್ಲಿ ಬೇಕಾದಷ್ಟು ಮ್ಯೂಆನ್‌ಗಳು. ಅದರ ಕೆಳಗೆ ಕಡಮೆ. ಇನ್ನೂ ಕೆಳಗೆ ಮತ್ತೂ ಕಡಮೆ. ಕಡೆಗೆ ಸುಮಾರು 2,760 ಮೀಟರ್ ಆಳದಲ್ಲಿ, ಎಂದರೆ 8,400 ಮೀಟರ್ ನೀರಿನ ಕೆಳಗಿದ್ದಂತೆ, ಯಂತ್ರವನ್ನು ನಿಲ್ಲಿಸಿದರು. ದಿನ ಕಳೆಯಿತು, ವಾರ ಕಳೆಯಿತು. ಎರಡು ತಿಂಗಳು ಕಳೆದರೂ ಒಂದು ಮ್ಯೂಆನ್ ಕೂಡ ಬರಲಿಲ್ಲ.

ಇಲ್ಲಿ ಶ್ರೋತೃಗಳು ಒಂದು ಕ್ಷಣ ನಿಲ್ಲಬೇಕೆಂದು ಬೇಡುತ್ತೇನೆ. ನಕ್ಷತ್ರವನ್ನು ನೋಡುವವನಿಗೆ ನಕ್ಷತ್ರವೇ ಸಾಕ್ಷಿ. ಯಂತ್ರ ಕೆಟ್ಟಿದ್ದರೆ ಬಿಂಬ ಕೆಡುತ್ತದೆ, ಕೂಡಲೆ ತಿಳಿಯುತ್ತದೆ. ಏನೂ ಕಾಣದಿರುವ ಯಂತ್ರದ ಗತಿಯೇನು? ಎರಡು ತಿಂಗಳು ಸೊನ್ನೆಯನ್ನು ಬರೆದ ಯಂತ್ರವು ಎರಡು ತಿಂಗಳು ಎಚ್ಚರವಾಗಿದ್ದು ಸೊನ್ನೆಯನ್ನು ಬರೆಯಿತೋ, ಅಥವಾ ಯಾವುದೋ ತಂತಿಯ ಬೆಸುಗೆ ತೇವಕ್ಕೆ ಬಿಟ್ಟುಕೊಂಡು ಮೊದಲನೆಯ ವಾರದಲ್ಲಿಯೇ ನಿದ್ರೆ ಹೋಗಿತ್ತೋ? ಊರ ಬಾಗಿಲಿನ ಕಾವಲುಗಾರನು ಬೆಳಗ್ಗೆ ಬಂದು 'ರಾತ್ರಿ ಯಾರೂ ಬರಲಿಲ್ಲ' ಎಂದರೆ, ಅವನು ಎದ್ದಿದ್ದನೆಂದು ಗೊತ್ತಿದ್ದರೆ ಮಾತ್ರ ಆ ಮಾತಿಗೆ ಬೆಲೆ. ಇಂಥ ಯಂತ್ರವನ್ನು ಕಾಯುವವರ ಕೆಲಸವೆಲ್ಲ ಈ ಎಚ್ಚರವನ್ನು ರುಜುವಾತುಪಡಿಸುವುದೇ ಆಗಿರುತ್ತದೆ. ಒಂದೊಂದು ಎಣಿಕೆಯ ಫಲಕವೂ ತನ್ನಷ್ಟಕ್ಕೆ ತಾನು, ಬಂಡೆಯ ವಿಕಿರಣಕ್ಕೆ, ನಿಮಿಷನಿಮಿಷವೂ ಎಷ್ಟು ಮಿಡಿಯಬೇಕೋ ಅಷ್ಟು ಮಿಡಿಯುತ್ತಿದೆಯೇ ಎಂದು ನೋಡಬೇಕು. ವಿದ್ಯುತ್ತಿನ ಒತ್ತಡ ಏರಿಳಿಯದಂತೆ ಹಿಡಿಯಬೇಕು. ಕೃತಕವಾದ ಮಿಡಿತವನ್ನು ಕೊಟ್ಟು ಯಂತ್ರ ಅದನ್ನು ದಾಖಲೆ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕು. ಬಂಡೆಯ ವಿಕಿರಣವು ಅಳತೆಗೆ ಕಂಟಕವೆಂದು ಹಿಂದೆ ಹೇಳಿದೆನಷ್ಟೆ. ಅದೇ ಕಂಟಕವು ಇಲ್ಲಿ ಯಂತ್ರದ ನಾಡಿಯಾಗಿ ಉಪಕಾರಕ್ಕೆ ಬರುತ್ತದೆ. ಹೀಗೆ ಕಾದುದರಿಂದಲೇ ಆ ಎರಡು ತಿಂಗಳ ಸೊನ್ನೆ ಸೋಲಾಗದೆ ಶೋಧನೆಯಾಯಿತು.

ಅದರ ಅರ್ಥವೇನೆಂಬುದು ಒಡನೆ ಹೊಳೆಯಿತು. ಮ್ಯೂಆನ್‌ಗಳು ಹೀಗೆ ಸಂಪೂರ್ಣವಾಗಿ ಅಡಗುವ ಸ್ಥಳದಲ್ಲಿ, ಅವುಗಳ ಗದ್ದಲದಲ್ಲಿ ಎಂದೂ ಕೇಳಿಸದ ಮತ್ತೊಂದು ಕಣದ ಹೆಜ್ಜೆಯ ಸಪ್ಪುಳವನ್ನು ಕೇಳಬಹುದಾಗಿತ್ತು. ಆ ಕಣವೇ ನ್ಯೂಟ್ರಿನೋ. 1930ರಲ್ಲಿ ಪೌಲಿ ಎಂಬ ಪಂಡಿತನು ಊಹಿಸಿದ, 1956ರಲ್ಲಿ ಅಮೆರಿಕದ ರೈನೆಸ್ ಮತ್ತು ಕೋವನ್ ಎಂಬವರು ಪರಮಾಣು ಸ್ಥಾವರವೊಂದರ ಬಳಿ ಮೊದಲು ಪತ್ತೆಮಾಡಿದ ಈ ಕಣಕ್ಕೆ ವಿದ್ಯುದಂಶವಿಲ್ಲ. ಇಡೀ ಭೂಮಂಡಲವನ್ನು ಸಹ ಅದು ಏನೂ ಇಲ್ಲವೆಂಬಂತೆ ತೂರಿಹೋಗುತ್ತದೆ. ಎಲ್ಲಿಯೋ ಅಪರೂಪವಾಗಿ ಬಂಡೆಯೊಳಗಿನ ಒಂದು ಪರಮಾಣುವಿಗೆ ಬಡಿದು ಮ್ಯೂಆನ್ ಒಂದನ್ನು ಹುಟ್ಟಿಸುವುದುಂಟು. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳನ್ನು ಈ ಉಪಾಯದಿಂದ ಹಿಡಿಯಬಹುದೆಂದು ಗ್ರೈಸೆನ್ ಮತ್ತು ಮಾರ್ಕೋವ್ ಎಂಬವರು 1960ರಲ್ಲಿ ಸೂಚಿಸಿದ್ದರು. ಅದಕ್ಕೆ ತಕ್ಕ ನಿಶ್ಶಬ್ದದ ಸ್ಥಳ ಕೋಲಾರದಲ್ಲಿತ್ತು.

ಎಂ. ಜಿ. ಕೆ. ಮೆನನ್ ಅವರ ಮುಂದಾಳುತನದಲ್ಲಿ ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯ, ಈ ಮೂರೂ ಕೂಡಿ ಚಾಂಪಿಯನ್ ರೀಫ್ಸಿನ ಹೀತ್‌ಕೋಟ್ ಶಾಫ್ಟಿನ ಬಳಿ, ಸುಮಾರು 2,300 ಮೀಟರ್ ಆಳದಲ್ಲಿ ಹೊಸ ದೂರದರ್ಶಕಗಳನ್ನು ಕಟ್ಟಿದವು. ಹಿಂದಿನವು ತಲೆಯ ಮೇಲಕ್ಕೆ ನೋಡುವಂಥವು. ಇವನ್ನು ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿ ಪಕ್ಕಕ್ಕೆ ನೋಡುವಂತೆ ಮಾಡಿದರು. ಕಾರಣ ಸರಳ. ಆ ಆಳಕ್ಕೂ ಹೇಗೋ ಇಳಿದುಬರುವ ಸಾಮಾನ್ಯ ಮ್ಯೂಆನ್ ಹತ್ತಿರದ ದಾರಿಯಾದ ನೆತ್ತಿಯ ಮೇಲಿನಿಂದಲೇ ಬರಬೇಕು. ಓರೆಯಾಗಿ ಬಂದರೆ ನಡುವಣ ಬಂಡೆ ಅದನ್ನು ನುಂಗುತ್ತದೆ. ಆದುದರಿಂದ ಮಗ್ಗುಲಿನಿಂದ ಬಂದ ಮ್ಯೂಆನ್ ಮೇಲಿನದಲ್ಲ. ಅಲ್ಲಿಯೇ ಬಂಡೆಯಲ್ಲಿ ನ್ಯೂಟ್ರಿನೋ ಹೆತ್ತ ಮಗು.

ಈ ಗೋಡೆಗಳು ಪ್ಲಾಸ್ಟಿಕ್ಕಿನ ಮಿನುಗುವ ಫಲಕಗಳು. ಕಣವು ಹಾದರೆ ಫಲಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚೊಂದು ಹುಟ್ಟುತ್ತದೆ. ಅದನ್ನು ಹಿಡಿದು ಲಕ್ಷಾಂತರ ಪಾಲು ಹೆಚ್ಚಿಸುವುದಕ್ಕೆ ಫೋಟೋಮಲ್ಟಿಪ್ಲಯರ್ ಎಂಬ ಗಾಜಿನ ಬುರುಡೆಗಳು. ಎರಡು ಗೋಡೆಗಳ ನಡುವೆ ನಿಯಾನ್ ಅನಿಲವನ್ನು ತುಂಬಿದ ಗಾಜಿನ ಕೊಳವೆಗಳ ಸಾಲುಗಳು, ಅವುಗಳ ಮಧ್ಯೆ ಸೀಸದ ತಗಡು. ಎರಡು ಗೋಡೆಗಳೂ ಒಮ್ಮೆಗೇ ಮಿನುಗಿದರೆ, ಆ ಕ್ಷಣವೇ ಕೊಳವೆಗಳಿಗೆ ಬಲವಾದ ವಿದ್ಯುತ್ತಿನ ಏಟು ಬೀಳುತ್ತದೆ. ಕಣವು ಹಾದುಹೋದ ಕೊಳವೆಗಳು ಮಾತ್ರ ಫಕ್ಕನೆ ಉರಿಯುತ್ತವೆ. ಕತ್ತಲಲ್ಲಿ ಕಣ್ಣು ತೆರೆದುಕೊಂಡೇ ಕುಳಿತ ಕ್ಯಾಮೆರಾದ ಫಿಲ್ಮಿನ ಮೇಲೆ ಕಣದ ದಾರಿ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಚಂದ್ರೋದಯದ ಹೊತ್ತನ್ನು ಪಂಚಾಂಗ ಹೇಳುತ್ತದೆ. ಇದರ ಹೊತ್ತನ್ನು ಯಾರೂ ಹೇಳಲಾರರು. ಒಂದು ದೂರದರ್ಶಕಕ್ಕೆ ಇಡೀ ವರ್ಷದಲ್ಲಿ ಬೆರಳಲ್ಲಿ ಎಣಿಸುವಷ್ಟು ಸಲ ಮಾತ್ರ ಆ ಮಿಂಚು. ಆದರೆ ವರ್ಷದ ಒಂದು ಗಂಟೆಯೂ ಬಿಡದಂತೆ ಎಲ್ಲ ಬುರುಡೆಗಳೂ, ಎಲ್ಲ ಕೊಳವೆಗಳೂ, ಕ್ಯಾಮೆರಾವೂ ಸಿದ್ಧವಾಗಿರಬೇಕು. ಫಿಲ್ಮ್ ಮುಗಿದ ದಿನ, ಅಥವಾ ಒಂದು ಬುರುಡೆ ಬಡವಾದ ದಿನ, ಬಂದ ಅತಿಥಿ ಬಂದಹಾಗೆಯೇ ಹೊರಟುಹೋಗುತ್ತಾನೆ, ಬಂದಿದ್ದನೆಂಬುದೂ ತಿಳಿಯುವುದಿಲ್ಲ.

1965ರಲ್ಲಿ ಅತಿಥಿ ಬಂದನು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಮೊದಲ ಬಾರಿಗೆ ದೊರೆತ ವಾರ್ತೆಯನ್ನು ಕೋಲಾರದ ತಂಡವು ಬರೆದು ಕಳುಹಿಸಿತು. ಲೇಖನವು ಜುಲೈ 12ರಂದು ಪತ್ರಿಕೆಯ ಕಚೇರಿಯನ್ನು ತಲಪಿ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ, ಅದೇ ರೈನೆಸ್ ಅವರ ತಂಡ ಇದೇ ಕೆಲಸದಲ್ಲಿತ್ತು. ಅವರ ಲೇಖನ ಜುಲೈ 26ರಂದು ತಲಪಿ ಆಗಸ್ಟ್ 30ರಂದು ಪ್ರಕಟವಾಯಿತು. ಆದರೆ ಅವರ ಯಂತ್ರದಲ್ಲಿ ಮೊದಲ ಗುರುತು ಮೂಡಿದುದು ಫೆಬ್ರವರಿ 23ರಂದು, ಕೋಲಾರದ್ದಕ್ಕಿಂತ ಮುಂಚೆ. ಯಾರು ಮೊದಲಿಗರೆಂಬ ಚರ್ಚೆಯಲ್ಲಿ ನಮ್ಮವರ ಪಕ್ಷ ವಹಿಸಬೇಕೆಂದು ಮನಸ್ಸು ಎಳೆಯುತ್ತದೆ; ನ್ಯಾಯವಾಗಿ ಹೇಳುವುದಾದರೆ ಅಚ್ಚಿನಲ್ಲಿ ನಮ್ಮವರು ಮೊದಲು, ಗಣಿಯಲ್ಲಿ ಅವರು. ಎರಡು ದೂರದೇಶದ ಚಿನ್ನದ ಗಣಿಗಳು ಒಂದೇ ವರ್ಷ ಚಿನ್ನವಲ್ಲದ ಪದಾರ್ಥವೊಂದಕ್ಕೆ ಪೈಪೋಟಿ ನಡೆಸಿದುದು ಅಪೂರ್ವವಾದ ಸಂಗತಿಯೇ ಸರಿ. ಅದೇ ಜಾತಿಯ ನ್ಯೂಟ್ರಿನೋಗಳನ್ನು ಜಪಾನಿನ ಗಣಿಯೊಂದರಲ್ಲಿ ಮಹತ್ತಾದ ನೀರಿನ ತೊಟ್ಟಿಯಿಂದ ಪರೀಕ್ಷಿಸಿ, ಅವು ದಾರಿಯಲ್ಲಿ ರೂಪವನ್ನು ಬದಲಿಸುತ್ತವೆಂದು 1998ರಲ್ಲಿ ತೋರಿಸಿದರು. ಆ ಕೆಲಸಕ್ಕೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕೋಲಾರದಲ್ಲಿ ಆಮೇಲೂ ಕಾವಲು ನಿಲ್ಲಲಿಲ್ಲ. 1980ರಲ್ಲಿ ಅದೇ ಆಳದಲ್ಲಿ 140 ಟನ್ ತೂಕದ, ಕಬ್ಬಿಣದ ಚೌಕ ಕೊಳವೆಗಳನ್ನು ಅಡ್ಡಡ್ಡಲಾಗಿ ಪೇರಿಸಿದ ಹೊಸ ಯಂತ್ರವೊಂದು ಎದ್ದಿತು. ಪರಮಾಣುವಿನ ಒಡಲಲ್ಲಿರುವ ಪ್ರೋಟಾನ್ ಎಂದಾದರೂ ಅಳಿಯುತ್ತದೆಯೇ ಎಂದು ನೋಡುವುದು ಅದರ ಉದ್ದೇಶ. ಕೆಲವು ಗುರುತುಗಳು ಕಂಡವೆಂದು ತಂಡವು ತಿಳಿಸಿತು. ಬೇರೆ ದೇಶಗಳ ಇನ್ನೂ ದೊಡ್ಡ ಯಂತ್ರಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಅಳಿದುದನ್ನು ಈವರೆಗೆ ಯಾರೂ ಕಂಡಿಲ್ಲ. ಇಲ್ಲಿಯೂ ಉತ್ತರ ಸೊನ್ನೆಯೇ. ಆದರೆ ಎಚ್ಚರವಾಗಿದ್ದು ಬರೆದ ಸೊನ್ನೆ.

ಗಣಿಯ ಆಯುಸ್ಸು ಮುಗಿಯುತ್ತ ಬಂದುದರಿಂದ 1990ರ ದಶಕದ ಆದಿಯಲ್ಲಿ ಪ್ರಯೋಗಗಳು ನಿಂತವು. ಜಾನ್ ಟೇಲರ್ ಕಂಪೆನಿಯಿಂದ ಮೈಸೂರು ಸರ್ಕಾರಕ್ಕೂ, ಅಲ್ಲಿಂದ ಕೇಂದ್ರ ಸರ್ಕಾರಕ್ಕೂ ಕೈ ಬದಲಿಸಿದ್ದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ನೀರೆತ್ತುವ ಪಂಪುಗಳು ನಿಂತ ಮೇಲೆ ಕೆಳಗಣ ಅಂತಸ್ತುಗಳಲ್ಲಿ ನೀರು ಏರತೊಡಗಿತು. ಶ್ರೀಕಂಠನ್ ಅವರು ಬೆಂಗಳೂರಿನಲ್ಲಿ 2019ರ ಅಕ್ಟೋಬರಿನಲ್ಲಿ, ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಹೀತ್‌ಕೋಟ್ ಶಾಫ್ಟಿನ ಬುಡದಲ್ಲಿ, ನಿಯಾನ್ ಕೊಳವೆಗಳು ಮಿನುಗಿದ್ದ ಆ ಆಳಕ್ಕೆ ಇಳಿಯಲು ದಾರಿಯಿರಲಿಲ್ಲ. ಕಾಗದದ ಮೇಲಿನ ಲೆಕ್ಕವಾಗಿದ್ದ ನೀರು ನಿಜವಾಗಿಯೇ ಅಲ್ಲಿ ತುಂಬಿಕೊಂಡಿತ್ತು.